ಪ್ರಯೋಗಶಾಲೆಯ ವಿದ್ಯೆ ಮೇಸ್ತ್ರಿಯ ಕರಣೆಗೆ ಎಂದು ಇಳಿದೀತು?

2023ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಹಲಸೂರಿಗೆ ಸಮೀಪದ ಕೇಂಬ್ರಿಡ್ಜ್ ಲೇಔಟಿನಲ್ಲಿ ಒಂದು ಅಂಚೆ ಕಚೇರಿಯ ಉದ್ಘಾಟನೆಯಾಯಿತು. ಅದರ ವಿಸ್ತೀರ್ಣ 1,021 ಚದರ ಅಡಿ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದ ಕಟ್ಟಡ ಅದಲ್ಲ. ಗಣಕದ ಆಣತಿಯಂತೆ ಚಲಿಸುವ ಯಂತ್ರವೊಂದು ಕಾಂಕ್ರೀಟನ್ನು ಪದರ ಪದರವಾಗಿ ಸುರಿದು ಅದರ ಗೋಡೆಗಳನ್ನು ಎಬ್ಬಿಸಿತು. ಕಟ್ಟಿದ್ದು ಲಾರ್ಸೆನ್ ಅಂಡ್ ಟೂಬ್ರೊ ಕಂಪನಿ. ತಾಂತ್ರಿಕ ಮಾರ್ಗದರ್ಶನ ಮದರಾಸಿನ ಐ.ಐ.ಟಿ.ಯದು. ಒಂದೂವರೆ ತಿಂಗಳು ತುಂಬುವ ಮೊದಲೇ ಕೆಲಸ ಮುಗಿಯಿತು. ವಿದ್ಯಾಸಂಸ್ಥೆಗಳೂ ಉದ್ಯಮವೂ ಕೈಗೂಡಿಸಿದರೆ ಏನನ್ನು ಸಾಧಿಸಬಹುದೆಂಬುದಕ್ಕೆ ಇದು ಸಾಕ್ಷಿಯೆಂದು ಮಂತ್ರಿಗಳು ಹೇಳಿದರು, ಪತ್ರಿಕೆಗಳು ಬರೆದವು. ಆ ಸಾಧನೆಯನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಹೊಸದನ್ನು ಕಂಡರೆ ಹುಬ್ಬು ಗಂಟಿಕ್ಕುವುದು ಪ್ರಗತಿಯ ಲಕ್ಷಣವಲ್ಲ.

ಆದರೆ ಅದೇ ಬೆಂಗಳೂರಿನ ಇನ್ನೊಂದು ವಿದ್ಯಾಸಂಸ್ಥೆಯಲ್ಲಿ, ಅರ್ಧ ಶತಮಾನಕ್ಕೂ ಹಿಂದೆಯೇ, ಬಡವನ ಮನೆಯ ಗೋಡೆಯ ಬಗ್ಗೆ ಬೇರೊಂದು ಕೆಲಸ ಶುರುವಾಗಿತ್ತು. 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿಕೊಂಡಿತು. ವಿಜ್ಞಾನ ಮತ್ತು ತಂತ್ರವಿದ್ಯೆಯನ್ನು ಗ್ರಾಮಾಂತರಕ್ಕೆ ಅನ್ವಯಿಸುವುದೇ ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದು ತನ್ನ ವಿಸ್ತರಣಾ ಕೇಂದ್ರವನ್ನು ತೆರೆಯಿತು. ಅಡುಗೆ ಒಲೆ, ಗೋಬರ್ ಅನಿಲ ಮುಂತಾದವುಗಳ ಜೊತೆಗೆ ಮನೆ ಕಟ್ಟುವ ವಿದ್ಯೆಯೂ ಅಲ್ಲಿ ಪ್ರಯೋಗಕ್ಕೆ ಒಳಗಾಯಿತು. ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಊರ ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಅಂಚೆ ಕಚೇರಿಯ ಯಂತ್ರವನ್ನು ನಾಡೆಲ್ಲ ಬಲ್ಲದು. ಉಂಗ್ರದ ಇಟ್ಟಿಗೆಯನ್ನು ಎಷ್ಟು ಮಂದಿ ಬಲ್ಲರು? ನಮ್ಮ ಜಿಲ್ಲೆಯಲ್ಲಿ ಎಷ್ಟು ಮೇಸ್ತ್ರಿಗಳು ಅದನ್ನು ಒತ್ತಬಲ್ಲರು?

ಈ ವಾರ ನಾವು ಓದುಗರ ಮುಂದಿಡುವ ಪ್ರಶ್ನೆ ಇದೇ. ಕಟ್ಟಡದ ಕ್ಷೇತ್ರದಲ್ಲಿ ಕಾಲೇಜಿನ ವಿದ್ಯೆ ಉದ್ಯಮಕ್ಕೆ ಹೋಗುತ್ತಿಲ್ಲ ಎಂಬ ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ಅದನ್ನು ಪರಿಹರಿಸಲು ಸಮ್ಮೇಳನಗಳು ನಡೆಯುತ್ತವೆ, ಒಪ್ಪಂದಗಳಿಗೆ ರುಜು ಬೀಳುತ್ತದೆ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕೆಲವು ವಿದ್ಯೆ ವರ್ಷಗಳಲ್ಲಿ ನಾಡನ್ನೆಲ್ಲ ಹಬ್ಬುತ್ತದೆ, ಕೆಲವು ಐವತ್ತು ವರ್ಷವಾದರೂ ಹುಟ್ಟಿದ ಅಂಗಳವನ್ನು ದಾಟುವುದಿಲ್ಲ. ಇದು ಏಕೆಂದು ಕೇಳುವವರು ವಿರಳ.

ಮೊದಲು ಈ ಮಣ್ಣಿನ ಇಟ್ಟಿಗೆಯ ಗುಣಾವಗುಣಗಳನ್ನು ತಿಳಿಯೋಣ. ಹೊಲದ ಮೇಲ್ಮಣ್ಣು ಇದಕ್ಕೆ ಬೇಡ. ಅದರ ಕೆಳಗಿನ ಮಣ್ಣು ಬೇಕು. ಮರಳಿನ ಅಂಶ ಹೆಚ್ಚಾಗಿದ್ದು ಜೇಡಿಯ ಅಂಶ ಮಿತವಾಗಿರಬೇಕು. ಮಣ್ಣು ತಕ್ಕದ್ದೇ ಎಂದು ಅರಿಯಲು ದೊಡ್ಡ ಪ್ರಯೋಗಶಾಲೆಯೂ ಬೇಡ: ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಮಣ್ಣನ್ನು ಕುಲುಕಿ ಇಟ್ಟರೆ ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ ಕೂರುತ್ತದೆ; ಪದರಗಳ ದಪ್ಪವೇ ಉತ್ತರ ಹೇಳುತ್ತದೆ. ಜೇಡಿ ಹೆಚ್ಚಿದ್ದರೆ ಮರಳನ್ನೋ ಕಲ್ಲಪುಡಿಯನ್ನೋ ಸೇರಿಸಬೇಕು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಅಚ್ಚಿನಲ್ಲಿ ಹಾಕಿ ಸನ್ನೆಕೋಲಿನಿಂದ ಒತ್ತಿ ತೆಗೆದು, ಸುಮಾರು ಮೂರು ವಾರ ನೆರಳಿನಲ್ಲಿ ಒದ್ದೆ ಇಟ್ಟರೆ ಇಟ್ಟಿಗೆ ಸಿದ್ಧ. ಗೂಡಿಲ್ಲ, ಬೆಂಕಿಯಿಲ್ಲ, ಸೌದೆಯಿಲ್ಲ. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಅರ್ಧಕ್ಕಿಂತ ಕಡಿಮೆ ಇದಕ್ಕೆ ಸಾಕು. ಸರಿಯಾಗಿ ಒತ್ತಿದ ಇಟ್ಟಿಗೆ ಎರಡು ಅಂತಸ್ತಿನ ಮನೆಯ ಭಾರವನ್ನು ನಿರಾಯಾಸವಾಗಿ ಹೊರುತ್ತದೆ.

ಇದು ಬರಿಯ ಊಹೆಯ ಮಾತಲ್ಲ. 1948ರ ಸುಮಾರಿನಲ್ಲೇ ಇಂದಿನ ಹರಿಯಾಣದ ಕರ್ನಾಲಿನಲ್ಲಿ ಸಿಮೆಂಟು ಬೆರೆಸಿದ ಮಣ್ಣಿನಿಂದ ಸಾವಿರಾರು ಮನೆಗಳನ್ನು ಕಟ್ಟಿದ್ದುಂಟು. ಭಾರತೀಯ ಮಾನಕ ಸಂಸ್ಥೆ ಇಂಥ ಇಟ್ಟಿಗೆಗೆ ಐ.ಎಸ್. 1725 ಎಂಬ ಮಾನಕವನ್ನು ಹೊರಡಿಸಿ, 1982ರಲ್ಲಿಯೂ 2013ರಲ್ಲಿಯೂ ಪರಿಷ್ಕರಿಸಿದೆ. ಎಂದರೆ ವಿದ್ಯೆ ಇದೆ, ಪ್ರಯೋಗ ಇದೆ, ಯಂತ್ರ ಇದೆ, ಸರಕಾರದ ಮುದ್ರೆಯೂ ಇದೆ. ಬೆಂಗಳೂರಿನಲ್ಲಿ ರುಚಿಯುಳ್ಳ ಶ್ರೀಮಂತರು ಇದರಿಂದ ಚೆಂದದ ಮನೆಗಳನ್ನು ಕಟ್ಟಿಸಿಕೊಂಡಿದ್ದಾರೆ. ಬಡವನಿಗಾಗಿ ಹುಟ್ಟಿದ ಇಟ್ಟಿಗೆ ಸಿರಿವಂತನ ಅಭಿರುಚಿಯ ವಸ್ತುವಾಯಿತು. ಬಡವ ಮಾತ್ರ ಸಾಲ ಮಾಡಿ ಕಾಂಕ್ರೀಟು ಬ್ಲಾಕು ತರುತ್ತಿದ್ದಾನೆ. ಇದಕ್ಕಿಂತ ಸೋಜಿಗ ಬೇರೆ ಬೇಕೆ?

ಇನ್ನು ವೇಗವಾಗಿ ಹಬ್ಬಿದ ವಿದ್ಯೆಯನ್ನು ನೋಡೋಣ. ಕಾವೇರಿ, ತುಂಗಭದ್ರೆಗಳ ಒಡಲು ಬಗೆದು ಮರಳು ಬರಿದಾದಾಗ ಕಲ್ಲನ್ನು ಪುಡಿ ಮಾಡಿದ ಎಂ-ಸ್ಯಾಂಡ್ ಬಂತು. ವಿಜ್ಞಾನ ಮಂದಿರದವರು ಅದನ್ನು ಪರೀಕ್ಷಿಸಿ ತಕ್ಕದ್ದೆಂದರು. 2016ರಲ್ಲಿ ಪರಿಷ್ಕೃತವಾದ ಐ.ಎಸ್. 383 ಮಾನಕ ಅದಕ್ಕೆ ಸ್ಥಾನ ಕೊಟ್ಟಿತು. ಇಂದು ಹಳ್ಳಿಯ ದೇವಸ್ಥಾನದ ಜಗಲಿಗೂ ಅದೇ ಮರಳು. ಕೆಲವೇ ವರ್ಷಗಳಲ್ಲಿ ನಾಡಿನ ಮೂಲೆಮೂಲೆಗೂ ಅದು ತಲುಪಿತು. ತಲುಪಿದ್ದು ಒಳ್ಳೆಯದೇ, ನದಿಗೆ ಅಷ್ಟರ ಮಟ್ಟಿಗೆ ಉಸಿರು ಸಿಕ್ಕಿತು. ಆದರೆ ಅದನ್ನು ತಲುಪಿಸಿದವರು ಯಾರು? ಕ್ರಷರ್ ಇಟ್ಟವರು. ಅವರಿಗೆ ಅದರಲ್ಲಿ ಲಾಭವಿತ್ತು. ಆ ಕ್ರಷರಿನ ಕಲ್ಲುಧೂಳು ಅಲ್ಲಿ ದುಡಿಯುವ ಆಳಿನ ಶ್ವಾಸಕೋಶಕ್ಕೆ ಏನು ಮಾಡುತ್ತದೆಂಬ ವಿದ್ಯೆ ಮಾತ್ರ ಮರಳಿನ ಲಾರಿಯಲ್ಲಿ ಬರಲಿಲ್ಲ. ಸಿಲಿಕೋಸಿಸ್ ಎಂಬುದು ವೈದ್ಯಕೀಯ ಕಾಲೇಜುಗಳಿಗೆ ಹೊಸ ರೋಗವೇನಲ್ಲ. ಧೂಳಿನ ಮೇಲೆ ನೀರು ಚಿಮುಕಿಸಿದರೆ, ಯಂತ್ರಕ್ಕೆ ಮುಚ್ಚಳ ಹಾಕಿದರೆ ಅದು ತಗ್ಗುತ್ತದೆಂಬುದೂ ಹೊಸ ಶೋಧವಲ್ಲ.

ಸಿಮೆಂಟಿನ ಕಥೆಯೂ ಇದೇ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಬೆಟ್ಟದಷ್ಟು ಹಾರುಬೂದಿ ಬೀಳುತ್ತದೆ. ಅದು ಸಿಮೆಂಟಿನಲ್ಲಿ ಬೆರೆಯಬಲ್ಲದೆಂದು ಸಂಶೋಧಕರು ತೋರಿಸಿಕೊಟ್ಟರು. ಇಂದು ಅಂಗಡಿಯಲ್ಲಿ ಸಿಗುವ ಪಿ.ಪಿ.ಸಿ. ಚೀಲದಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತೈದರವರೆಗೆ ಬೂದಿ ಇರಬಹುದೆಂದು ಮಾನಕವೇ ಹೇಳುತ್ತದೆ. ಕಂಪನಿಗೆ ಸುಣ್ಣಕಲ್ಲು ಉಳಿಯಿತು, ಉರುವಲು ಉಳಿಯಿತು. ಲೋಕಕ್ಕೂ ಹೊಗೆ ಉಳಿಯಿತು. ಬಹಳ ಸಂತೋಷ. ಆದರೆ ಇದೇ ವಿದ್ಯೆಯ ಇನ್ನೊಂದು ಅರ್ಧವಿದೆ. ಬೂದಿ ಬೆರೆತ ಸಿಮೆಂಟು ನಿಧಾನವಾಗಿ ಬಲಗೊಳ್ಳುತ್ತದೆ. ಆದ್ದರಿಂದ ಅದಕ್ಕೆ ಹೆಚ್ಚು ದಿನ ನೀರುಣಿಸಬೇಕು. ಕಾಂಕ್ರೀಟಿನ ಮಾನಕವಾದ ಐ.ಎಸ್. 456 ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಬೆರಕೆ ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕೆಂದು ವಿಧಿಸುತ್ತದೆ. ಬಿಸಿಲೂ ಒಣಗಾಳಿಯೂ ಇರುವ ಕಡೆ ಹದಿನಾಲ್ಕು ದಿನ ಒಳ್ಳೆಯದೆನ್ನುತ್ತದೆ. ಈ ಮಾತು ಎಷ್ಟು ಮೇಸ್ತ್ರಿಗಳ ಕಿವಿಗೆ ಬಿದ್ದಿದೆ? ಬೇಸಗೆಯಲ್ಲಿ ತಾರಸಿ ಹಾಕಿಸಿ ವಾರಕ್ಕೇ ನೀರು ನಿಲ್ಲಿಸಿದ ಮನೆಯೊಡೆಯ ಮುಂದೆ ಬಿರುಕು ಬಿಟ್ಟಾಗ ಮೇಸ್ತ್ರಿಯನ್ನು ಬೈಯುತ್ತಾನೆ, ಮೇಸ್ತ್ರಿ ಸಿಮೆಂಟನ್ನು ಬೈಯುತ್ತಾನೆ. ಬೂದಿ ಚೀಲದೊಳಗೆ ಬಂತು. ತಿಳಿವಳಿಕೆ ಚೀಲದ ಹೊರಗೇ ಉಳಿಯಿತು.

ಇಲ್ಲಿಗೆ ವಿಷಯದ ಗುಟ್ಟು ಬಯಲಾಯಿತೆಂದು ನಾವು ಭಾವಿಸುತ್ತೇವೆ. ಚೀಲದಲ್ಲಿ ತುಂಬಿ ಮಾರಬಹುದಾದ ವಿದ್ಯೆ ತಾನಾಗಿ ನಡೆಯುತ್ತದೆ. ಅದಕ್ಕೆ ಕಾಲು ಕೊಡಲು ಲಾಭವಿದೆ. ಕೈಯಲ್ಲಿ ಕಲಿಯಬೇಕಾದ ವಿದ್ಯೆ ನಡೆಯುವುದಿಲ್ಲ. ಅದಕ್ಕೆ ಯಾರೂ ಒಡೆಯರಿಲ್ಲ. ಮಣ್ಣಿನ ಇಟ್ಟಿಗೆಯನ್ನು ಊರ ಮಣ್ಣಿನಿಂದ ಊರವರೇ ಒತ್ತಿಕೊಂಡರೆ ದೂರದ ಯಾವ ಕಂಪನಿಗೂ ಮೂರು ಕಾಸು ಸೇರುವುದಿಲ್ಲ. ಆದ್ದರಿಂದ ಅದರ ಜಾಹೀರಾತು ಗೋಡೆಯ ಮೇಲೆ ಕಾಣುವುದಿಲ್ಲ, ಅದನ್ನು ಹೊಗಳಲು ಸಿನಿಮಾ ನಟರು ಬರುವುದಿಲ್ಲ. ವಿದ್ಯಾಸಂಸ್ಥೆ ಮತ್ತು ಉದ್ಯಮ ಇವೆರಡರ ನಡುವಣ ಕೊಡುಕೊಳ್ಳುವಿಕೆಯನ್ನು ಕೇವಲ ಮಾರುಕಟ್ಟೆಗೆ ಬಿಟ್ಟರೆ ಆಗುವುದು ಇಷ್ಟೇ: ಜನರ ತೆರಿಗೆಯಿಂದ ನಡೆದ ಸಂಶೋಧನೆಯಲ್ಲಿ ಮಾರಾಟಕ್ಕೆ ಬರುವ ಭಾಗ ಹೊರಗೆ ಹೋಗುತ್ತದೆ; ಖರ್ಚು ಉಳಿಸುವ ಭಾಗ, ದುಡಿಯುವವನನ್ನು ಕಾಪಾಡುವ ಭಾಗ ಬೀರುವಿನಲ್ಲಿ ಉಳಿಯುತ್ತದೆ.

ಇಷ್ಟಕ್ಕೂ ಕಟ್ಟಡದ ಕ್ಷೇತ್ರದಲ್ಲಿ ಉದ್ಯಮವೆಂದರೆ ಯಾರು? ಮೋಟಾರಿನದೋ ಔಷಧಿಯದೋ ಆದರೆ ಕಾರ್ಖಾನೆಯ ಬಾಗಿಲು ತಟ್ಟಿದರೆ ಉದ್ಯಮ ಸಿಗುತ್ತದೆ. ಮನೆಯ ವಿಷಯದಲ್ಲಿ ಹಾಗಲ್ಲ. ದೊಡ್ಡ ಕಂಪನಿಗಳು ಸೇತುವೆ, ಮೆಟ್ರೋ, ಬಹುಮಹಡಿಗಳನ್ನು ಕಟ್ಟಬಹುದು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಮನೆ ಏಳುವುದು ಒಬ್ಬ ಮೇಸ್ತ್ರಿ, ನಾಲ್ಕು ಆಳು, ಇಬ್ಬರು ಹೆಣ್ಣಾಳು, ಮತ್ತು ಜೀವಮಾನದ ಉಳಿತಾಯವನ್ನೆಲ್ಲ ಸುರಿದ ಒಬ್ಬ ಮನೆಯೊಡೆಯ ಇವರಿಂದ. ಮನೆ ಕಟ್ಟಿ ನೋಡು ಎಂದು ಹಿರಿಯರು ಎಚ್ಚರಿಸಿದ್ದು ಇಂಥವನಿಗೇ. ಉದ್ಯಮವೆಂದರೆ ಈ ಕರಣೆ ಹಿಡಿದ ಕೈ. ಸಮ್ಮೇಳನಗಳಲ್ಲಿ ಉದ್ಯಮಕ್ಕೆಂದು ಹಾಕುವ ಕುರ್ಚಿಗಳಲ್ಲಿ ಈ ಕೈಗೆ ಕುರ್ಚಿ ಇದೆಯೆ?

ಚರಿತ್ರೆಯನ್ನು ತಿರುವಿದರೆ ಈ ಅಲಕ್ಷ್ಯ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಇಂದು ಲೋಕವೇ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟು ಪಡೆದ ಜೋಸೆಫ್ ಆಸ್ಪ್ಡಿನ್ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಇಟ್ಟಿಗೆ ಕೆಲಸದವನು. ಕಾಂಕ್ರೀಟಿನೊಳಗೆ ಕಬ್ಬಿಣದ ಜಾಲ ಹುದುಗಿಸುವ ಉಪಾಯಕ್ಕೆ 1867ರಲ್ಲಿ ಪೇಟೆಂಟು ಪಡೆದ ಜೋಸೆಫ್ ಮೋನಿಯೇ ಫ್ರಾನ್ಸಿನ ಒಬ್ಬ ತೋಟಗಾರ. ಅವನು ಹುಡುಕುತ್ತಿದ್ದದ್ದು ಒಡೆಯದ ಹೂಕುಂಡವನ್ನು. ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಆರಂಭವಾದ ಆ ಮಹಾಕಾರ್ಯದಲ್ಲಿ ಇಂಜಿನಿಯರುಗಳು ಸಿಮೆಂಟನ್ನು ನೆಚ್ಚಲಿಲ್ಲ. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ನೆಚ್ಚಿದರು. ಅದು ಈ ನೆಲದ ಗಾರೆಯವರು ತಲೆತಲಾಂತರದಿಂದ ಬಲ್ಲ ವಸ್ತು. ವಿಶ್ವೇಶ್ವರಯ್ಯನವರ ಲೆಕ್ಕಾಚಾರ ಮತ್ತು ಗಾರೆಯವನ ಹದ ಎರಡೂ ಸೇರಿ ನಿಂತ ಕಟ್ಟೆ ಇಂದಿಗೂ ಮಂಡ್ಯದ ಗದ್ದೆಗಳಿಗೆ ನೀರುಣಿಸುತ್ತಿದೆ. ವಿದ್ಯೆ ಮೇಲಿನಿಂದ ಕೆಳಕ್ಕೆ ಸುರಿಯುವ ಮಳೆಯಂತೆ ಎಂದು ತಿಳಿದವರು ಈ ಕಟ್ಟೆಯ ಮೇಲೊಮ್ಮೆ ನಡೆದು ಬರಲಿ.

ಕೈಯ ವಿದ್ಯೆಯನ್ನು ಜನರಿಗೆ ಮುಟ್ಟಿಸುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ನೆರೆಯ ಕೇರಳದಲ್ಲಿ ನಡೆಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತದ ಪ್ರಜೆಯಾದ ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಳ್ಳುವವರೆಗೂ ಅಗ್ಗದ ಮನೆಯನ್ನು ಅಂದವಾಗಿ ಕಟ್ಟಬಹುದೆಂದು ತೋರಿಸಿದರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ 'ಇಲಿಬೋನು' ಗೋಡೆಯಲ್ಲಿ ಕಾಲುಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪಾಗಿರುತ್ತದೆ. ತಾರಸಿಯ ಕೆಳಭಾಗದಲ್ಲಿ ಕಾಂಕ್ರೀಟಿಗೆ ಭಾರ ಹೊರುವ ಕೆಲಸವಿಲ್ಲ. ಅಲ್ಲಿ ಹಳೆಯ ಹೆಂಚು ಹುದುಗಿಸಿದರೆ ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ. 1985ರಲ್ಲಿ ಬೇಕರ್ ಅವರೂ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರೂ, ಹಿಂದೆ ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನನ್ ಅವರೂ ಸೇರಿ 'ಕಾಸ್ಟ್‌ಫೋರ್ಡ್' ಎಂಬ ಸಂಸ್ಥೆಯನ್ನು ಕಟ್ಟಿದರು. ವಾಸ್ತುಶಿಲ್ಪಿ, ವಿದ್ವಾಂಸ, ರಾಜಕಾರಣಿ ಮೂವರೂ ಒಂದೇ ಜಗಲಿಯಲ್ಲಿ ಕುಳಿತು ಮೇಸ್ತ್ರಿಗೆ ಕೆಲಸ ಕಲಿಸಲು ಹೊರಟರೆಂಬುದು ಸಾಮಾನ್ಯ ಸಂಗತಿಯಲ್ಲ. ಅಲ್ಲಿ ಗಾರೆಬಾಂಡಲಿ ಹೊರುತ್ತಿದ್ದ ಹೆಂಗಸರು ಕರಣೆ ಹಿಡಿದು ಮೇಸ್ತ್ರಿಗಳಾದದ್ದೂ ಉಂಟು.

ಅದೇ ದಶಕದಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ನಿರ್ಮಿತಿ ಕೇಂದ್ರ ಹುಟ್ಟಿತು. ಆ ಮಾದರಿಯನ್ನು ಮೆಚ್ಚಿದ ಕೇಂದ್ರ ಸರಕಾರ 1988ರಲ್ಲಿ ಹುಡ್ಕೋ ಮೂಲಕ ದೇಶದಾದ್ಯಂತ ಕಟ್ಟಡ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಪ್ರಯೋಗಶಾಲೆಯಲ್ಲಿ ಸಿದ್ಧವಾದ ವಿದ್ಯೆಯನ್ನು ಮೇಸ್ತ್ರಿಗೆ ಕಲಿಸುವುದು, ಅಗ್ಗದ ಸಾಮಗ್ರಿಯನ್ನು ಸ್ಥಳದಲ್ಲೇ ತಯಾರಿಸುವುದು, ಕಟ್ಟಿ ತೋರಿಸುವುದು: ಇವು ಅವುಗಳ ಕೆಲಸ. ಕರ್ನಾಟಕದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಿರ್ಮಿತಿ ಕೇಂದ್ರಗಳು ತಲೆಯೆತ್ತಿದವು. ಯೋಜನೆ ಸೊಗಸಾಗಿತ್ತು. ಕಾಲೇಜಿಗೂ ಕರಣೆಗೂ ನಡುವೆ ಸೇತುವೆಯೊಂದು ಸರಕಾರದ ಖರ್ಚಿನಲ್ಲೇ ಸಿದ್ಧವಾಗಿತ್ತು.

ಆ ಸೇತುವೆ ಮುಂದೆ ಏನಾಯಿತು? ಟೆಂಡರಿಲ್ಲದೆ ಸರಕಾರಿ ಕಾಮಗಾರಿಗಳನ್ನು ನೇರವಾಗಿ ಕೇಂದ್ರಕ್ಕೆ ವಹಿಸುವ ಪದ್ಧತಿ ಬೆಳೆಯಿತು. ಶಾಲೆಯ ಕೊಠಡಿ, ಅಂಗನವಾಡಿ, ಸಮುದಾಯ ಭವನ, ಶೌಚಾಲಯ ಎಲ್ಲವೂ ಅದರ ಪಾಲಿಗೆ ಬಂದವು. ಕಲಿಸಬೇಕಾದ ಸಂಸ್ಥೆ ಕಂಟ್ರಾಕ್ಟರಾಯಿತು. ಕಾಮಗಾರಿಯ ಖರ್ಚಿನ ಮೇಲೆ ಇಷ್ಟು ಶೇಕಡಾ ಎಂದು ಶುಲ್ಕ ಪಡೆಯುವ ಯಾವ ಸಂಸ್ಥೆಗೂ ಖರ್ಚನ್ನು ಇಳಿಸುವ ವಿದ್ಯೆಯಲ್ಲಿ ಆಸಕ್ತಿ ಉಳಿಯದು. ಇದು ಮನುಷ್ಯರ ದೋಷಕ್ಕಿಂತ ವ್ಯವಸ್ಥೆಯ ದೋಷ. ಎಲ್ಲ ಕೇಂದ್ರಗಳೂ ಹೀಗೆಂದು ನಾವು ಆರೋಪಿಸುತ್ತಿಲ್ಲ. ಪ್ರತಿ ಜಿಲ್ಲೆಯ ಜನರೂ ತಮ್ಮ ಕೇಂದ್ರವನ್ನು ಮೂರು ಪ್ರಶ್ನೆ ಕೇಳಲಿ: ಕಳೆದ ಐದು ವರ್ಷಗಳಲ್ಲಿ ಎಷ್ಟು ಮೇಸ್ತ್ರಿಗಳಿಗೆ ತರಬೇತಿ ಕೊಟ್ಟಿರಿ? ಎಷ್ಟು ಕಟ್ಟಡಗಳಲ್ಲಿ ಮಣ್ಣಿನ ಇಟ್ಟಿಗೆಯನ್ನೋ ಇಲಿಬೋನು ಗೋಡೆಯನ್ನೋ ಹೆಂಚು ಹುದುಗಿಸಿದ ತಾರಸಿಯನ್ನೋ ಬಳಸಿದಿರಿ? ಇಟ್ಟಿಗೆ ಒತ್ತುವ ಯಂತ್ರ ನಿಮ್ಮ ಅಂಗಳದಲ್ಲಿದೆಯೆ, ಇದ್ದರೆ ಅದಕ್ಕೆ ಎಣ್ಣೆ ಹಾಕಿ ಎಷ್ಟು ದಿನವಾಯಿತು? ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಗಾದೆಯಿದೆ. ಅಳತೆ ಕೇಳುವುದು ಜನರ ಹಕ್ಕು.

ದೆಹಲಿಯ ದೃಷ್ಟಿ ಎತ್ತ ಹೊರಳಿದೆ ಎಂಬುದನ್ನೂ ಗಮನಿಸಬೇಕು. 2021ರ ಜನವರಿ 1ರಂದು ಇಂದೂರು, ರಾಜಕೋಟೆ, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ ಈ ಆರು ನಗರಗಳಲ್ಲಿ 'ಲೈಟ್ ಹೌಸ್' ಎಂಬ ಮನೆ ಯೋಜನೆಗಳಿಗೆ ಶಂಕುಸ್ಥಾಪನೆಯಾಯಿತು. ಬಡವರಿಗಾಗಿ ಕಟ್ಟುವ ಆ ಮನೆಗಳಲ್ಲಿ ಕಾರ್ಖಾನೆಯಲ್ಲಿ ತಯಾರಾದ ಫಲಕ, ಎರಕದ ಕಾಂಕ್ರೀಟು, ತೆಳು ಉಕ್ಕಿನ ಚೌಕಟ್ಟು ಮುಂತಾದ ಆರು ಬಗೆಯ ತಂತ್ರಗಳನ್ನು ಆರಿಸಿಕೊಂಡರು. ನಗರದಲ್ಲಿ ಸಾವಿರ ಮನೆಗಳನ್ನು ಒಂದೇ ಕಡೆ ತ್ವರಿತವಾಗಿ ಕಟ್ಟಬೇಕಾದಾಗ ಇವು ಬೇಕಾಗಬಹುದು. ವಾದಕ್ಕಾಗಿ ವಾದ ಬೇಡ. ಆದರೆ ಆರರಲ್ಲಿ ಒಂದಾದರೂ ಹಳ್ಳಿಯ ಮೇಸ್ತ್ರಿ ತನ್ನ ಊರಿನಲ್ಲಿ ಮಾರನೆಯ ದಿನ ಮಾಡಬಲ್ಲಂಥದ್ದೆ? ಒಂದೂ ಅಲ್ಲ. ಎಲ್ಲಕ್ಕೂ ಕಾರ್ಖಾನೆಯೋ ದುಬಾರಿ ಅಚ್ಚೋ ದೊಡ್ಡ ಬಂಡವಾಳವೋ ಬೇಕು. ಬೆಳಕಿನ ಮನೆಯ ದೀಪ ಕಡಲಲ್ಲಿರುವ ಹಡಗಿಗೆ ಕಾಣುವುದೇ ಹೊರತು ಅದರ ಬುಡದಲ್ಲಿರುವ ಗುಡಿಸಲಿಗೆ ಅಲ್ಲ.

ನಮ್ಮ ಮಾತಿಗೆ ಎದುರುಮಾತುಗಳಿವೆ. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಮಣ್ಣಿನ ಮನೆಯೆಂದರೆ ಬಡತನದ ಗುರುತೆಂದು ಜನರೇ ದೂರ ಸರಿಯುತ್ತಾರೆ ಎನ್ನುವರು. ನಿಜ. ಸೋರುವ ಮಣ್ಣುಗೋಡೆಯ ಮನೆಯಲ್ಲಿ ಹುಟ್ಟಿ ಬೆಳೆದವನು ಮತ್ತೆ ಮಣ್ಣೆಂಬ ಶಬ್ದವನ್ನೇ ಕೇಳಲಾರ. ಅವನನ್ನು ಹಳಿಯುವ ಹಕ್ಕು ತಾರಸಿ ಮನೆಯಲ್ಲಿರುವ ನಮಗಿಲ್ಲ. ಹಾಗಿದ್ದರೆ ಮೊದಲು ತಾಲ್ಲೂಕು ಕಚೇರಿಯನ್ನೂ ಇಂಜಿನಿಯರರ ವಸತಿಗೃಹವನ್ನೂ ಈ ಇಟ್ಟಿಗೆಯಿಂದ ಕಟ್ಟಿ. ಅಧಿಕಾರಿ ವಾಸಿಸಿ ತೋರಿಸಿದ ಮೇಲೆ ಬಡವ ನಂಬುತ್ತಾನೆ. ಇಟ್ಟಿಗೆ ಕೆಲವೆಡೆ ಕರಗಿತು, ಬಿರುಕು ಬಿಟ್ಟಿತು ಎಂದೂ ಹೇಳುವರು. ಅದೂ ನಡೆಯಬಲ್ಲದು. ಎರೆಮಣ್ಣನ್ನು ಪರೀಕ್ಷಿಸದೆ ಒತ್ತಿದರೆ, ಮಾಡು ಮುಂದೆ ಚಾಚದೆ ಗೋಡೆಗೆ ಇರಚಲು ಬಡಿದರೆ, ಮೂರು ವಾರ ನೆನೆಸುವ ಕಡೆ ಮೂರು ದಿನ ನೆನೆಸಿದರೆ ಇನ್ನೇನಾದೀತು? ಇದು ಇಟ್ಟಿಗೆಯ ತಪ್ಪಲ್ಲ; ಯಂತ್ರವನ್ನು ಕಳಿಸಿ ವಿದ್ಯೆಯನ್ನು ಕಳಿಸದವರ ತಪ್ಪು. ಆಳಿನ ಕೂಲಿ ಹೆಚ್ಚಾಗುತ್ತದೆ ಎಂಬ ಮೂರನೆಯ ಮಾತೂ ಇದೆ. ಹೆಚ್ಚಾಗಲಿ! ಗೂಡಿನ ಉರುವಲಿಗೂ ದೂರದ ಲಾರಿಗೂ ಹೋಗುತ್ತಿದ್ದ ಹಣ ಊರಿನ ಕೂಲಿಗೆ ಹೋದರೆ ಅದು ನಷ್ಟವೆಂದು ಯಾವ ಶಾಸ್ತ್ರ ಹೇಳುತ್ತದೆ? ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗುವ ಕಟ್ಟಡ ಕಾರ್ಮಿಕನಿಗೆ ಅವನ ಊರಿನಲ್ಲೇ ಕೆಲಸ ಸಿಕ್ಕರೆ ನಾಡಿಗೆ ಲಾಭವೇ.

ಹಣವೆಲ್ಲಿಂದ ಬರಬೇಕೆಂದು ಕೇಳುವವರಿಗೂ ಉತ್ತರವಿದೆ. ಕಟ್ಟಡಗಳ ಖರ್ಚಿನ ಮೇಲೆ ನೂರಕ್ಕೆ ಒಂದರಂತೆ ಸೆಸ್ ಸಂಗ್ರಹಿಸಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳಿಗೆ ಸೇರಿಸುವ ಕ್ರಮ 1996ರ ಕಾನೂನಿನಿಂದ ಬಂತು. 2018ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ ದೇಶದ ಲೆಕ್ಕ ಹೊರಬಿತ್ತು: ಅದುವರೆಗೆ ಕೂಡಿದ್ದು 37 ಸಾವಿರ ಕೋಟಿ ರೂಪಾಯಿಗೂ ಮೇಲು, ಕಾರ್ಮಿಕರಿಗಾಗಿ ಖರ್ಚಾದದ್ದು ಸುಮಾರು ಒಂಬತ್ತೂವರೆ ಸಾವಿರ ಕೋಟಿ. ಉಳಿದದ್ದು ಕೊಳೆಯುತ್ತ ಬಿದ್ದಿತ್ತು. ಈ ಹಣದಿಂದ ಲ್ಯಾಪ್‌ಟಾಪ್, ಬಟ್ಟೆ ಒಗೆಯುವ ಯಂತ್ರಗಳನ್ನು ಕೊಂಡದ್ದನ್ನು ಕೋರ್ಟು ಕಟುವಾಗಿ ಟೀಕಿಸಿತು. ಈ ಹಣ ಕಾರ್ಮಿಕನ ಬೆವರಿನದು. ಅವನ ಪಿಂಚಣಿ, ಚಿಕಿತ್ಸೆ, ಮಕ್ಕಳ ಓದು ಇವುಗಳಿಗೆ ಮೊದಲ ಹಕ್ಕು. ಅದರಲ್ಲಿ ಬಿಡಿಗಾಸೂ ಕಡಿತವಾಗಬಾರದು. ಆದರೆ ಅವನ ಕೈಯ ಕಸುಬನ್ನು ಮೇಲೆತ್ತುವುದೂ ಅವನ ಕಲ್ಯಾಣವೇ. ಕಿಟ್ಟು ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ, ಕಲಿಕೆಯ ದಿನಗಳ ಕೂಲಿಯನ್ನು ಕೊಟ್ಟು ಕಸುಬು ಕಲಿಸುವುದು ಹೆಚ್ಚು ಗೌರವದ ಕೆಲಸ. ಕೂಲಿ ಬಿಟ್ಟು ಕಲಿಯಲು ಬಾ ಎಂದರೆ ಯಾವ ಮೇಸ್ತ್ರಿಯೂ ಬರಲಾರ. ಅವನ ಒಲೆ ಆ ದಿನದ ಕೂಲಿಯಿಂದ ಉರಿಯುತ್ತದೆ.

ಈಗ ಇನ್ನೊಂದು ದೊಡ್ಡ ಶೋಧ ಬಾಗಿಲಲ್ಲಿ ನಿಂತಿದೆ. ಸಿಮೆಂಟಿನ ಕ್ಲಿಂಕರನ್ನು ಅರ್ಧಕ್ಕಿಳಿಸಿ, ಸುಟ್ಟ ಜೇಡಿಯನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಸೇರಿಸುವ ಎಲ್.ಸಿ.-3 ಎಂಬ ಸಿಮೆಂಟನ್ನು ಸ್ವಿಟ್ಜರ್‌ಲೆಂಡ್, ಕ್ಯೂಬಾ ಮತ್ತು ನಮ್ಮ ದೇಶದ ಐ.ಐ.ಟಿ.ಗಳ ವಿದ್ವಾಂಸರು ಜೊತೆಗೂಡಿ ಬೆಳೆಸಿದರು. ಕ್ಲಿಂಕರಿಗೆ 1,450 ಡಿಗ್ರಿ ಶಾಖ ಬೇಕಾದರೆ ಈ ಜೇಡಿಗೆ 800 ಡಿಗ್ರಿಯ ಆಸುಪಾಸು ಸಾಕು. ಇಂಗಾಲದ ಹೊಗೆ ನೂರಕ್ಕೆ ಮೂವತ್ತರಿಂದ ನಲವತ್ತರಷ್ಟು ತಗ್ಗುತ್ತದೆ. 2023ರಲ್ಲಿ ಐ.ಎಸ್. 18189 ಎಂಬ ಮಾನಕವೂ ಬಂದಿದೆ. ಇದು ಚೀಲದಲ್ಲಿ ಬರುವ ವಿದ್ಯೆಯಾದ್ದರಿಂದ ಬೇಗನೆ ಹಬ್ಬಲು ಅಡ್ಡಿಯಿಲ್ಲ. ಆದರೆ ಅದರ ಹದವೇನು, ನೀರೆಷ್ಟು, ಎಷ್ಟು ದಿನ ನೆನೆಸಬೇಕು ಎಂಬುದು ಚೀಲಕ್ಕಿಂತ ಮುಂಚೆ ಮೇಸ್ತ್ರಿಗೆ ತಲುಪೀತೆ? ಅಥವಾ ಹಾರುಬೂದಿಯ ಕಥೆಯೇ ಮರುಕಳಿಸೀತೆ?

ಆದ್ದರಿಂದ ನಾವು ಮುಂದಿಡುವ ಸಲಹೆಗಳು ಇವು. ಒಂದು: ನಿರ್ಮಿತಿ ಕೇಂದ್ರಗಳು ಹುಟ್ಟಿದ ಉದ್ದೇಶಕ್ಕೆ ಮರಳಬೇಕು, ವರ್ಷಕ್ಕೆ ಇಷ್ಟು ಮಂದಿಗೆ ತರಬೇತಿ ಎಂಬ ಗುರಿಯನ್ನು ಮುಟ್ಟದ ಕೇಂದ್ರಕ್ಕೆ ಟೆಂಡರಿಲ್ಲದ ಕಾಮಗಾರಿ ಕೊಡಬಾರದು. ಎರಡು: ಇಂಥ ಸಾಮಗ್ರಿಗಳು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮುದ್ರಣವಾದರೆ ಸಾಲದು, ಅಂದಾಜುಪಟ್ಟಿಗೆ ಇಳಿಯಬೇಕು, ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಮಾನಕ ಒಪ್ಪಿದರೂ ಕಚೇರಿ ಒಪ್ಪದ ಸ್ಥಿತಿ ಕೊನೆಗಾಣಬೇಕು. ಮೂರು: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಜಿನಿಯರಿಂಗ್ ಕಾಲೇಜುಗಳು ವಾರಕ್ಕೊಂದು ದಿನ ತಮ್ಮ ಪ್ರಯೋಗಶಾಲೆಯ ಬಾಗಿಲನ್ನು ಊರಿಗೆ ತೆರೆಯಲಿ, ಮನೆ ಕಟ್ಟುವವನು ಹಿಡಿ ಮಣ್ಣು ತಂದರೆ, ಬೊಗಸೆ ಮರಳು ತಂದರೆ ಪರೀಕ್ಷಿಸಿ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಲಿ. ನಾಲ್ಕು: ಸಿವಿಲ್ ಓದುವ ಪ್ರತಿ ವಿದ್ಯಾರ್ಥಿಯೂ ಪದವಿಗೆ ಮುಂಚೆ ಒಂದು ತಿಂಗಳು ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡಲಿ, ಮೇಸ್ತ್ರಿಗೆ ಕಾಲೇಜು ಗುರುದಕ್ಷಿಣೆ ಕೊಡಲಿ. ತೂಗುಗುಂಡು ಹಿಡಿಯಲು ಬಾರದವನು ಗೋಡೆಯ ನಕ್ಷೆಗೆ ರುಜು ಹಾಕುವುದು ವಿದ್ಯೆಗೆ ಶೋಭೆಯಲ್ಲ. ಐದು: ಸಿಮೆಂಟಿನ ಚೀಲದ ಮೇಲೆ ಎಷ್ಟು ದಿನ ನೀರುಣಿಸಬೇಕೆಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕುವಂತೆ ಕಂಪನಿಗಳಿಗೆ ವಿಧಿಸಬೇಕು. ಇದಕ್ಕೆ ಬೊಕ್ಕಸದಿಂದ ಒಂದು ಪೈಸೆಯೂ ಬೇಡ.

ಇವುಗಳಲ್ಲಿ ಯಾವುದೂ ಆಕಾಶಕ್ಕೆ ಏಣಿ ಹಾಕುವ ಮಾತಲ್ಲ. ಮುಂದಿನ ಜಿಲ್ಲಾ ಪಂಚಾಯತಿ ಸಭೆಯಲ್ಲಿ, ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದಾದಂಥವು. ಈ ಜಿಲ್ಲೆಯ ಕಾರ್ಮಿಕ ಸಂಘಗಳೂ ಕಾಲೇಜಿನ ತರುಣ ಅಧ್ಯಾಪಕರೂ ಇದನ್ನು ಕೈಗೆತ್ತಿಕೊಳ್ಳಬೇಕೆಂದು ನಾವು ಕೋರುತ್ತೇವೆ. ಮುದ್ರಣಯಂತ್ರದಿಂದ ಅಂಚೆ ಕಚೇರಿ ಎದ್ದ ನಾಡಿನಲ್ಲಿ, ಐವತ್ತು ವರ್ಷಗಳಿಂದ ಕಾಯುತ್ತಿರುವ ಒಂದು ಇಟ್ಟಿಗೆ ಕುಣಿಗಲ್ಲಿನಿಂದ ಮುಂದಿನ ತಾಲ್ಲೂಕಿಗೆ ನಡೆದುಬರಲಾರದೆಂದರೆ ಕೊರತೆ ಇರುವುದು ವಿದ್ಯೆಯಲ್ಲಲ್ಲ, ಅದನ್ನು ಯಾರಿಗಾಗಿ ಕಲಿತೆವು ಎಂಬ ನೆನಪಿನಲ್ಲಿ.